ಪ್ಲಾಸ್ಟಿಕ್ ತಿನ್ನುವ ಜೀವಾಣು ಮತ್ತು ನಮ್ಮ ತಿಪ್ಪೆಗುಂಡಿ
(ಬೆಳ್ಳಿಹಬ್ಬದ ಸಮಾರಂಭದಲ್ಲಿ ಸಂಘದ ನಿರ್ದೇಶಕರು ಮಾಡಿದ ಭಾಷಣ)



ನಾವು ಓದಿದ್ದು ಎಸ್.ಎಸ್.ಎಲ್.ಸಿ.ವರೆಗೆ. ಪತ್ರಿಕೆಗಳಲ್ಲಿ ಓದಿ ತಿಳಿದಷ್ಟನ್ನು ತಮ್ಮ ಮುಂದೆ ಇಡುತ್ತೇವೆ.

ಹಾಲು ಹಾಕೋರಿಗೂ ಪ್ಲಾಸ್ಟಿಕ್ಕಿಗೂ ಏನು ಸಂಬಂಧ ಅಂತ ಕೇಳಬಹುದು. ಮುಸುರೆ ಅಂಟಿದ ಕವರನ್ನು ಹಸು ಹಾಗೇ ನುಂಗುತ್ತದೆ. ಅದು ಮೊದಲ ಹೊಟ್ಟೆಯಲ್ಲೇ ಗಂಟಾಗಿ ಕೂರುತ್ತದೆ. ಹಸು ಮೇವು ಬಿಡುತ್ತದೆ, ಹೊಟ್ಟೆ ಉಬ್ಬರಿಸುತ್ತದೆ, ಹಾಲು ಇಳಿಯುತ್ತದೆ. ಕಡೆಗೆ ಡಾಕ್ಟರು ಹೊಟ್ಟೆ ಕೊಯ್ದೇ ತೆಗೆಯಬೇಕಾಗುತ್ತದೆ.

"ಪ್ಲಾಸ್ಟಿಕ್ ತಿನ್ನೋ ಜೀವಾಣು ಸಿಕ್ಕಿದೆಯಂತೆ, ಇನ್ಯಾಕೆ ಚಿಂತೆ?" ಅನ್ನುವವರೂ ಇದ್ದಾರೆ. ಸುದ್ದಿ ನಿಜ. ಜಪಾನಿನ ಸಕಾಯ್ ಎಂಬ ಊರಲ್ಲಿ, ಬಾಟಲಿ ಮರುಬಳಕೆ ಮಾಡುವ ಸ್ಥಳದಲ್ಲಿ ಅಂಥ ಬ್ಯಾಕ್ಟೀರಿಯಾ ಸಿಕ್ಕಿತು. ವಿಜ್ಞಾನಿಗಳು 2016ರಲ್ಲಿ ಅದನ್ನು ಪ್ರಕಟಿಸಿದರು. ನೀರಿನ ಬಾಟಲಿಗೆ ಬಳಸುವ ಪೆಟ್ ಎಂಬ ಪ್ಲಾಸ್ಟಿಕ್ಕಿನ ತೆಳು ಹಾಳೆಯನ್ನು ಅದು 30 ಡಿಗ್ರಿ ಶಾಖದಲ್ಲಿ ಸುಮಾರು ಆರು ವಾರದಲ್ಲಿ ಕರಗಿಸಿತು. ಆದರೆ ಬಾಟಲಿಯ ಪೆಟ್ ಇದಕ್ಕಿಂತ ಗಟ್ಟಿ, ಅಷ್ಟು ಸುಲಭವಾಗಿ ಬಗ್ಗುವುದಿಲ್ಲ. 2021ರಲ್ಲಿ ಆಸ್ಟ್ರಿಯಾದ ವಿಜ್ಞಾನಿಗಳು ಹಸುವಿನ ಮೊದಲ ಹೊಟ್ಟೆಯ ರಸದಲ್ಲೂ ಪೆಟ್ ಸ್ವಲ್ಪ ಕರಗುತ್ತದೆಂದು ತೋರಿಸಿದರು. ಹಾಳೆಗಿಂತ ಪುಡಿ ಹೆಚ್ಚು ಕರಗಿತು.

ಹಾಗಾದರೆ ಹಸುವಿನ ಹೊಟ್ಟೆಯಲ್ಲಿ ಕವರು ಯಾಕೆ ಕರಗೋದಿಲ್ಲ? ಪ್ಲಾಸ್ಟಿಕ್ ಅಂದರೆ ಉದ್ದದ ಸರಪಳಿ ಇದ್ದ ಹಾಗೆ. ಪೆಟ್‌ನ ಸರಪಳಿಯಲ್ಲಿ ಅಲ್ಲಲ್ಲಿ ಆಮ್ಲಜನಕ ಸೇರಿದ ಕೊಂಡಿ ಇರುತ್ತದೆ. ಎಲೆಯ ಮೇಲಿನ ಮೇಣದಂಥ ಪೊರೆಯಲ್ಲೂ ಅದೇ ಜಾತಿಯ ಕೊಂಡಿ ಇದೆ. ಎಲೆ ಕೊಳೆಸುವ ಕೆಲವು ಜೀವಾಣುಗಳಿಗೆ ಅದನ್ನು ಬಿಚ್ಚುವ ವಿದ್ಯೆ ಗೊತ್ತು. ಆದರೆ ಹಾಲಿನ ಕವರು, ಕ್ಯಾರಿಬ್ಯಾಗು ಪಾಲಿಥೀನಿನವು. ಪಶು ಆಹಾರದ ಚೀಲ ಪಾಲಿಪ್ರೊಪಿಲೀನಿನದು. ಇವುಗಳಲ್ಲಿ ಆ ಕೊಂಡಿಯೇ ಇಲ್ಲ. ನಮ್ಮ ತಿಪ್ಪೆಯಲ್ಲಿ ಸಗಣಿ, ರವದಿ ಕೊಳೆತು ಗೊಬ್ಬರವಾದರೂ ಕವರು ಕವರಾಗೇ ಉಳಿಯೋದು ಇದಕ್ಕೇ. ಗೊಬ್ಬರದ ಜೊತೆ ಹೊಲ ಸೇರಿ, ಉಳುವಾಗ ನೇಗಿಲಿಗೆ ಸುತ್ತಿಕೊಳ್ಳುತ್ತದೆ.

ಆದ್ದರಿಂದ ತಮ್ಮಲ್ಲಿ ನಮ್ಮ ವಿನಂತಿ ಇಷ್ಟೇ. ಮುಸುರೆಯನ್ನು ಕವರಿನಲ್ಲಿ ಗಂಟು ಕಟ್ಟಿ ಎಸೆಯಬೇಡಿ. ಕವರನ್ನು ತಿಪ್ಪೆಗೆ ಹಾಕಬೇಡಿ, ಬಚ್ಚಲೊಲೆಗೂ ಹಾಕಬೇಡಿ. ಕ್ಯಾರಿಬ್ಯಾಗನ್ನು ಸರ್ಕಾರ 2016ರಲ್ಲೇ ನಿಷೇಧಿಸಿದೆ, ಸಂತೆಗೆ ಬಟ್ಟೆ ಚೀಲ ಒಯ್ಯೋಣ. ಉಳಿದ ಕವರುಗಳನ್ನು ತೊಳೆದು ಒಣಗಿಸಿ, ಹಾಲು ಹಾಕಲು ಬರುವಾಗ ತನ್ನಿ. ಸಂಘದ ಬಾಗಿಲಲ್ಲಿ ಒಂದು ಚೀಲ ಕಟ್ಟಿಸೋಣ, ತುಂಬಿದಾಗ ಗುಜರಿಯವರಿಗೆ ಕೊಡೋಣ.

ಜೀವಾಣು ತನ್ನ ಕೆಲಸ ಕಲಿಯುವ ತನಕ ಹಸುವನ್ನು ಕಾಯೋದು ನಮ್ಮ ಕೆಲಸ.  ಜೈ ಸಹಕಾರ.