ಅತ್ತೆ ಮನೆ ಮತ್ತು 15 ಲಕ್ಷದ ಲೆಕ್ಕ

ಕಳೆದ ದಸರಾ ರಜೆಯಲ್ಲಿ ಅಪ್ಪ, ಆಯಿ, ತಮ್ಮ, ನಾನು ಒಂದು ದಿನದ ಮಟ್ಟಿಗೆ ಅಣಶಿ ಕಾಡಿಗೆ ಹೋಗಿದ್ವಿ. ಇವತ್ತಿನ ಎಪಿಸೋಡ್ ಆ ದಿನದ ಬಗ್ಗೆ.

ಬೆಳಿಗ್ಗೆ ಕಾರವಾರದಲ್ಲಿ ಕಡಲು ನೋಡ್ಕೊಂಡು ಹೊರಟ್ವಿ. ಕದ್ರಾದಲ್ಲಿ ಚಹಾ. ಕಾಳಿ ನದಿಗೆ ಸೂಪಾ, ಬೊಮ್ಮನಹಳ್ಳಿ, ಕೊಡಸಳ್ಳಿ ದಾಟಿ ಕೊನೆಗೆ ಸಿಗೋ ಅಣೆಕಟ್ಟು ಕದ್ರಾದ್ದು. ಅಲ್ಲಿಂದ ಮುಂದೆ ಘಟ್ಟ ಶುರು, ನೆಟ್‌ವರ್ಕ್ ಬಂದ್. ತಮ್ಮನಿಗೆ ಕರಿಚಿರತೆಯ ರೀಲ್ಸ್ ಬೇಕಿತ್ತು. ಸಿಕ್ಕಿದ್ದು ತಲೆ ಮೇಲೆ ಹಾರಿಹೋದ ಹಾರ್ನ್‌ಬಿಲ್ ರೆಕ್ಕೆ ಸದ್ದು ಮಾತ್ರ.

ನಾವು ಹೋಗಿದ್ದು ಸಫಾರಿಗಲ್ಲ, ಅತ್ತೆ ಮನೆಗೆ. ಅವರನ್ನ ಕೇಳಿಯೇ ಇದನ್ನ ಹೇಳ್ತಿದ್ದೀನಿ, ಹಳ್ಳಿ ಹೆಸರು ಮಾತ್ರ ಹೇಳಲ್ಲ. ಅತ್ತೆ ಮದುವೆಯಾಗಿ ಆ ಮನೆಗೆ ಹೋಗಿದ್ದು 1985ರಲ್ಲಿ. ಎರಡು ವರ್ಷ ಬಿಟ್ಟು, 1987ರಲ್ಲಿ, ಸುತ್ತಲಿನ ಕಾಡು ಅಣಶಿ ರಾಷ್ಟ್ರೀಯ ಉದ್ಯಾನ ಆಯ್ತು. 2007ರಲ್ಲಿ ದಾಂಡೇಲಿ ಜೊತೆ ಸೇರಿ ಹುಲಿ ಸಂರಕ್ಷಿತ ಪ್ರದೇಶ ಆಯ್ತು, 2015ರಲ್ಲಿ ಕಾಳಿ ಅನ್ನೋ ಹೆಸರು ಬಂತು. ಅತ್ತೆ ಮಾತ್ರ ಅದೇ ಮನೆಯಲ್ಲೇ ಇದ್ದಾರೆ.

ಕುಚ್ಚಲಕ್ಕಿ ಗಂಜಿ, ಒಣಮೀನು ಚಟ್ನಿ ಊಟ ಆದ್ಮೇಲೆ ಅತ್ತೆ ಕೇಳಿದ್ರು: "ನೀನು ಬಿ.ಕಾಂ. ಓದಿದವಳಲ್ವಾ ಮಗಾ, ಈ ಲೆಕ್ಕ ಹೇಳು."

ಯಾವ ಲೆಕ್ಕ ಅಂದ್ರೆ, ಹುಲಿ ಪ್ರದೇಶದೊಳಗಿಂದ ಸ್ವಇಚ್ಛೆಯಿಂದ ಹೊರಬರೋ ಕುಟುಂಬಕ್ಕೆ ಸಿಗೋ ಪರಿಹಾರದ್ದು. ಮೊದಲು 10 ಲಕ್ಷ ಇತ್ತು, 2021ರಲ್ಲಿ 15 ಲಕ್ಷ ಮಾಡಿದ್ರು. ಶೇ. 7ರ ಬಡ್ಡಿ ಅಂತ ಎಫ್‌ಡಿ ಇಟ್ರೆ ವರ್ಷಕ್ಕೆ 1,05,000, ತಿಂಗಳಿಗೆ 8,750 ರೂಪಾಯಿ. ನಾನು ಹೆಮ್ಮೆಯಿಂದ ಹೇಳ್ದೆ.

ಅತ್ತೆ ನಕ್ಕರು. "ಆ ದುಡ್ಡಲ್ಲಿ ಅಕ್ಕಿನೂ ಕೊಳ್ಬೇಕು, ಬಾಡಿಗೆನೂ ಕೊಡ್ಬೇಕು. ಇಲ್ಲಿ ಎರಡೂ ಇಲ್ಲ."

ಅಷ್ಟರಲ್ಲಿ ಅವರ ಮಗ ಬಾಯಿಬಿಟ್ಟ. ಅವನಿಗೆ 24. "ಮಳೆಗಾಲದಲ್ಲಿ ಅಪ್ಪನ್ನ ಕಂಬಳಿ ಜೋಲಿಯಲ್ಲಿ ಹೊತ್ತು ರಸ್ತೆಗೆ ತಂದಿದ್ದು ನಾನು. ಆ ಲೆಕ್ಕ ಯಾರು ಹಾಕ್ತಾರೆ?"

ಮಾವ ಮೂಲೆಯಲ್ಲಿ ಕೂತು ಕೇಳ್ತಿದ್ರು, ಏನೂ ಹೇಳಲಿಲ್ಲ. ನಮ್ಮಪ್ಪನೂ ಸುಮ್ಮನಾದ್ರು. ಇಬ್ಬರ ಮಾತೂ ಸರಿ ಇತ್ತು, ಅದೇ ಕಷ್ಟ. ನಾವು ಸಂಜೆ ವಾಪಸ್ ಬರೋರು, "ಎಷ್ಟು ಚೆಂದ ಜಾಗ, ಬಿಡಬೇಡಿ" ಅನ್ನೋದು ನಮಗೆ ಸುಲಭ. "ದುಡ್ಡು ತಗೊಂಡು ಬನ್ನಿ" ಅನ್ನೋದೂ ಅಷ್ಟೇ ಸುಲಭ. ತೀರ್ಮಾನ ಆ ಮನೆಯವರದ್ದು. ಆದ್ರೆ ಪೂರ್ತಿ ವಿಷಯ ಗೊತ್ತಿದ್ದು ತೀರ್ಮಾನ ಮಾಡ್ಬೇಕು.

ಅದಕ್ಕೇ ಮನೆಗೆ ಬಂದು ನಿಯಮ ಓದ್ದೆ. ಮೂರು ವಿಷಯ ಅತ್ತೆಗೆ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಒಂದು, ಪೂರ್ತಿ ನಗದು ಒಂದೇ ದಾರಿ ಅಲ್ಲ. ಜಮೀನು, ಮನೆ ಸಮೇತ ಪುನರ್ವಸತಿ ಕೇಳೋ ಎರಡನೇ ಆಯ್ಕೆನೂ ಇದೆ. ಎರಡು, 18 ದಾಟಿದ ಮಗನನ್ನ ಬೇರೆ ಕುಟುಂಬ ಅಂತಲೇ ಎಣಿಸ್ತಾರೆ. ಅಂದ್ರೆ ನಾನು ಹಾಕಿದ ಲೆಕ್ಕವೇ ತಪ್ಪು, ಆ ಮನೆಗೆ 30 ಲಕ್ಷ ಆಗ್ಬೇಕು. ಮೂರು, 2006ರ ಅರಣ್ಯ ಹಕ್ಕು ಕಾಯ್ದೆ ಪ್ರಕಾರ ಗ್ರಾಮಸಭೆಯ ಲಿಖಿತ ಒಪ್ಪಿಗೆ ಇಲ್ಲದೆ ಸ್ಥಳಾಂತರ ಮಾಡೋ ಹಾಗಿಲ್ಲ.

ಫೋನ್ ಹಚ್ಚಿದ್ರೆ ಅತ್ತೆಗೆ ನೆಟ್‌ವರ್ಕ್ ಸಿಗಲ್ಲ. ಹಾಗಾಗಿ ಎಲ್ಲ ಕಾಗದದ ಮೇಲೆ ಬರೆದು ಅಪ್ಪನ ಕೈಯಲ್ಲಿ ಕಳಿಸ್ದೆ. ಎರಡು ಸಲ ಓದಿಸ್ಕೊಂಡ್ರಂತೆ. ಆಮೇಲೆ ಹೇಳಿದ್ರಂತೆ: "ಗದ್ದೆ ಕೊಯ್ಲು ಮುಗೀಲಿ. ಆಮೇಲೆ ಮನೆಯವರೆಲ್ಲ ಕೂತು ಮಾತಾಡ್ತೀವಿ."

ನಿಮ್ಮ ಮನೆಯವರು ಯಾರಾದ್ರೂ ಕಾಡೊಳಗಿದ್ರೆ, ಸಹಿ ಹಾಕೋ ಮೊದಲು ಈ ಮೂರು ವಿಷಯ ಅವರಿಗೆ ಓದಿ ಹೇಳಿ. ಫಾರ್ವರ್ಡ್ ಮಾಡಿದ್ರೆ ಸಾಲದು, ಹೋಗಿ ಹೇಳಿ.

ಮುಂದಿನ ವಾರ ಸಿಗೋಣ.