ಗಂಡು ಪಕ್ಕದ ಪಂಜರದಲ್ಲಿತ್ತು, ಆದ್ರೂ ಮರಿ ಹಾಕ್ತು!

ಮಿರ್ಲೆಯಿಂದ ಮಾತಾಡ್ತಾ ಇದ್ದೀನಿ. ಹಿಂದೆ ಕುಂಯ್ ಕುಂಯ್ ಅಂತ ಕೇಳಿಸ್ತಾ ಇದ್ಯಲ್ಲ, ಅದು ಮೈಕ್ ತೊಂದರೆ ಅಲ್ಲ, ನಮ್ಮನೆ ಗಿನಿ ಪಿಗ್‌ಗಳು. ಫ್ರಿಜ್ ಬಾಗಿಲು ತೆಗೆದ್ರೆ ಸಾಕು, ಕೊತ್ತಂಬರಿ ಸೊಪ್ಪು ಬಂತು ಅಂತ ಶುರು ಮಾಡ್ತಾವೆ. ನಮ್ಮಜ್ಜಿ ಇವತ್ತಿಗೂ ಅವನ್ನ ‘ಬಾಲ ಇಲ್ದಿರೋ ಇಲಿ’ ಅಂತಾನೇ ಕರೆಯೋದು.

ನೀವು ತುಂಬಾ ಜನ ಕೇಳಿದ ಪ್ರಶ್ನೆ: ಗಂಡು, ಹೆಣ್ಣು ಗಿನಿ ಪಿಗ್ ಅಕ್ಕಪಕ್ಕ ಇಡಬಹುದಾ? ಇಡಬಹುದು. ಆದ್ರೆ ನಾನೆಲ್ಲಿ ಎಡವಿದೆ ಅನ್ನೋದನ್ನ ಮೊದಲು ಕೇಳಿ.

ಮೈಸೂರಿನ ಒಂದು ಅಂಗಡೀಲಿ ‘ಎರಡೂ ಹೆಣ್ಣೇ ಸಾರ್’ ಅಂತ ಕೊಟ್ರು. ನಾನೂ ನೋಡಲಿಲ್ಲ. ಹೊಟ್ಟೆ ಕೆಳಗೆ ನೋಡಿದ್ರೆ ಹೆಣ್ಣಿಗೆ ಇಂಗ್ಲಿಷ್ ವೈ ಆಕಾರ, ಗಂಡಿಗೆ ಚುಕ್ಕೆ ಇಟ್ಟ ಸಣ್ಣ ಐ ಥರ ಕಾಣುತ್ತೆ. ಇದು ಗೊತ್ತಾಗಿದ್ದು ಪುಟ್ಟಿ ಎರಡು ಮರಿ ಹಾಕಿದ ಮೇಲೆ. ಗುಂಡ ಗಂಡು ಅಂತ ಆವಾಗ ಅರ್ಥ ಆಯ್ತು. ಎರಡನೇ ದಿನ ಅವನಿಗೆ ಬೇರೆ ಪಂಜರ ತಂದು ಪಕ್ಕದಲ್ಲೇ ಇಟ್ಟೆ, ಮಧ್ಯ ಸಣ್ಣ ಕಣ್ಣಿನ ಜಾಲರಿ. ಸಮಸ್ಯೆ ಮುಗೀತು ಅಂದ್ಕೊಂಡೆ.

ಎರಡು ತಿಂಗಳಾದ ಮೇಲೆ ಪುಟ್ಟಿ ಮತ್ತೆ ನಾಲ್ಕು ಮರಿ ಹಾಕಿದ್ಲು. ಎರಡು ಸತ್ತೇ ಹುಟ್ಟಿದ್ವು. ಅವಳು ಹುಲ್ಲು ಮುಟ್ಟೋದು ಬಿಟ್ಲು, ಮೂರನೇ ದಿನ ಹೋಗ್ಬಿಟ್ಲು.

ಜಾಲರಿ ಎಲ್ಲಾದ್ರೂ ಕಿತ್ತಿದ್ಯಾ ಅಂತ ಟಾರ್ಚ್ ಹಿಡಿದು ಹುಡುಕಿದೆ. ಇಲ್ಲ. ಆಮೇಲೆ ಕ್ಯಾಲೆಂಡರ್ ತೆಗೆದು ಲೆಕ್ಕ ಹಾಕಿದೆ, ಬಿಕಾಂ ಓದಿದ್ದು ಅಷ್ಟಕ್ಕಾದ್ರೂ ಬಂತು. ಮೊದಲ ಹೆರಿಗೆಯಿಂದ ಸರಿಯಾಗಿ 66 ದಿನ. ಗಿನಿ ಪಿಗ್ ಗರ್ಭ 59ರಿಂದ 72 ದಿನ. ಅಂದ್ರೆ ಮರಿ ಹಾಕಿದ ದಿನವೇ ಮತ್ತೆ ಗರ್ಭ ಕಟ್ಟಿತ್ತು. ಇವು ಹೆತ್ತ ಕೆಲವೇ ಗಂಟೆಗಳಲ್ಲಿ ಮತ್ತೆ ಬೆದೆಗೆ ಬರ್ತಾವೆ. ನಾನು ಬೇರೆ ಮಾಡಿದ್ದು ಒಂದು ದಿನ ತಡವಾಗಿ. ಹಾಲೂ ಕೊಟ್ಟು, ಹೊಟ್ಟೇಲೂ ಹೊತ್ತು, ಆ ಪುಟ್ಟ ಜೀವ ಸುಸ್ತಾಗಿತ್ತು. ಹೆಣ್ಣು ಗರ್ಭಿಣಿ ಅಂತ ಅನುಮಾನ ಬಂದ್ರೂ ಹೆರಿಗೆಗೆ ಮೊದಲೇ ಗಂಡನ್ನ ಎತ್ತಿಬಿಡಿ.

ಹಾಗಂತ ಗಂಡನ್ನ ಎಲ್ಲೋ ಮೂಲೇಲಿ ಒಂಟಿಯಾಗಿ ಹಾಕೋದೂ ಸರಿ ಅಲ್ಲ. ಇವು ಗುಂಪಿನ ಪ್ರಾಣಿ. ಸ್ವಿಟ್ಜರ್ಲೆಂಡ್‌ನಲ್ಲಿ ಒಂದೇ ಗಿನಿ ಪಿಗ್ ಸಾಕೋದು ಕಾನೂನು ಪ್ರಕಾರವೇ ತಪ್ಪು. ಒಂಟಿ ಗಂಡಿಗೆ ಪಕ್ಕದ ಹೆಣ್ಣುಗಳ ವಾಸನೆ, ಸದ್ದೇ ಅರ್ಧ ಜೊತೆ. ಜಾಲರಿ ಕಣ್ಣು ಸಣ್ಣದಿರಲಿ, ಇಲ್ಲಾಂದ್ರೆ ಮರಿಗಳು ನುಸುಳ್ತಾವೆ. ಮೇಲೆ ಮುಚ್ಚಳ ಬೇಕೇ ಬೇಕು, ಹೆಣ್ಣಿನ ವಾಸನೆ ಬಂದ್ರೆ ಗಂಡು ತಗ್ಗು ಗೋಡೆ ಹತ್ತೋಕೂ ಹೇಸಲ್ಲ. ಆಪರೇಷನ್ ಮಾಡಿಸಿದ್ರೂ ಆರು ವಾರ ದೂರವೇ ಇಡಿ, ಅಲ್ಲಿತನಕ ಮರಿ ಆಗೋ ಚಾನ್ಸ್ ಇರುತ್ತೆ. ನಮ್ಮೂರಲ್ಲಿ ಆ ಮಾತೇ ಇಲ್ಲ ಬಿಡಿ, ಹಸು ಎಮ್ಮೆ ನೋಡೋ ಡಾಕ್ಟರ್ ಹತ್ರ ಇದನ್ನ ಎತ್ಕೊಂಡು ಹೋದ್ರೆ ಕ್ಯೂನಲ್ಲಿರೋರೆಲ್ಲ ನಗ್ತಾರೆ.

ಪುಟ್ಟಿಯ ಉಳಿದ ಎರಡು ಮರಿ ಬದುಕಿವೆ. ಹುಟ್ಟುವಾಗಲೇ ಕಣ್ಣು ಬಿಟ್ಟಿರ್ತಾವೆ, ಒಂದೆರಡು ದಿನದಲ್ಲೇ ಹುಲ್ಲು ಕಡಿಯೋಕೆ ಶುರು. ಮೊದಲ ಸೂಲಿನ ಅಕ್ಕಂದಿರ ಮಗ್ಗುಲಲ್ಲಿ ಮಲಗಿ ದೊಡ್ಡವಾದ್ವು. ಒಂದು ಹೆಣ್ಣು, ಒಂದು ಗಂಡು. ಗಂಡು ಮರಿಗೆ ಇವತ್ತಿಗೆ 19 ದಿನ. ಅಂಗೈ ತುಂಬಲ್ಲ, ಆದ್ರೆ ಮೂರು ವಾರ ದಾಟಿದ್ರೆ ಅಕ್ಕಂದಿರಿಗೇ ಗರ್ಭ ಕಟ್ಟಿಸಬಹುದು. ನಾಡಿದ್ದು ಅವನನ್ನ ಗುಂಡನ ಹತ್ರ ಬಿಡ್ತೀನಿ.

ಆದ್ರೆ ಹೆಣ್ಣುಗಳ ಪಕ್ಕ ಎರಡು ಗಂಡು ಇದ್ರೆ ವಾಸನೆಗೇ ಕಚ್ಚಾಡ್ತಾವೆ, ಅಪ್ಪ ಮಗ ಅಂತೆಲ್ಲ ನೋಡಲ್ಲ. ಅದಕ್ಕೆ ಅವರಿಬ್ಬರಿಗೂ ಬೇರೆ ರೂಮೇ ಬೇಕು. ಮನೇಲಿ ಖಾಲಿ ಇರೋದು ಈ ರೆಕಾರ್ಡಿಂಗ್ ರೂಮ್ ಒಂದೇ. ಮುಂದಿನ ವಾರ ಅಡುಗೆಮನೆಯಿಂದ ಸಿಗ್ತೀನಿ, ಕುಕ್ಕರ್ ವಿಷಲ್ ಕೇಳಿಸಿದ್ರೆ ಅಡ್ಜಸ್ಟ್ ಮಾಡ್ಕೊಳ್ಳಿ.