ಹಳೇ ಬಟ್ಟೆ ಹಾಕ್ಕೊಂಡು ಬಾ!



ಗಣಪತಿ ವಿಸರ್ಜನೆಯ ದಿನ ಗಿರ್ಗಾಂವ್ ಚೌಪಾಟಿಯಲ್ಲಿ ನಿಂತು ಬಂದವರಿಗೆ ಜನಜಂಗುಳಿಯ ಭಯವೇನು, ಅಲ್ಲವೇ? ನಾನೂ ಹಾಗೇ ಅಂದುಕೊಂಡಿದ್ದೆ. 2020ರ ಫೆಬ್ರವರಿಯಲ್ಲಿ ಅಕ್ಕ-ಭಾವ ಇದ್ದ ಟ್ರಿನಿಡಾಡ್‌ಗೆ ಹೋಗಿದ್ದೆ. ನಮ್ಮ ಕ್ರಿಕೆಟ್ ಪ್ರಿಯರಿಗೆ ಬ್ರಯಾನ್ ಲಾರಾನ ನಾಡು ಎಂದರೆ ಸಾಕು. "ನಾಳೆ ಬೆಳಗಿನ ಜಾವ ಕಾರ್ನಿವಲ್ ಶುರು. ಹಳೇ ಬಟ್ಟೆ ಹಾಕ್ಕೊಂಡು ಬಾ, ಅದು ವಾಪಸ್ ಸಿಗುತ್ತೆ ಅಂತ ಆಸೆ ಇಟ್ಕೋಬೇಡ ಕಣೇ" ಎಂದಳು ಅಕ್ಕ.

ಅಲ್ಲಿ ಕ್ರೈಸ್ತರ ಬೂದಿ ಬುಧವಾರದ ಹಿಂದಿನ ಸೋಮವಾರ, ಮಂಗಳವಾರ ಕಾರ್ನಿವಲ್. ಸೋಮವಾರದ ಬೆಳಗಿಗೆ 'ಜೂವೇ' ಅನ್ನುತ್ತಾರೆ. ಹಗಲು ತೆರೆಯಿತು ಎಂಬ ಅರ್ಥದ ಫ್ರೆಂಚ್ ಮಾತು ಸವೆದು ಆದದ್ದು. ನಾಲ್ಕು ಗಂಟೆಯ ಕತ್ತಲಲ್ಲಿ ಪೋರ್ಟ್ ಆಫ್ ಸ್ಪೇನ್‌ನ ಬೀದಿಯ ಅಂಚಿನಲ್ಲಿ ನಿಂತೆ. ಕ್ಯಾಮೆರಾಕ್ಕೆ ಪ್ಲಾಸ್ಟಿಕ್ ಚೀಲ ಸುತ್ತಿದ್ದೆ, ನನಗೆ ಸುತ್ತಿಕೊಳ್ಳಲು ಏನೂ ಇರಲಿಲ್ಲ! ಮೈತುಂಬ ಕೆಸರು ಬಳಿದವರು, ನೀಲಿ ಬಣ್ಣದವರು, ಕೋಕೋ ಮೆತ್ತಿಕೊಂಡವರು... ಒಬ್ಬರ ಮುಖವೂ ಗುರುತು ಹತ್ತದು.

ನೋಡುತ್ತ ನಿಂತವಳ ಬಳಿಗೆ ಅಜ್ಜಿಯೊಬ್ಬಳು ಬಂದಳು. ಮದುವೆಮನೆಯಲ್ಲಿ ಅತ್ತೆ ಅರಿಶಿನ ಹಚ್ಚುವ ಹಾಗೆ ಎರಡೂ ಕೈಯಿಂದ ನನ್ನ ಕೆನ್ನೆಗೆ ಕೆಸರು ಸವರಿ ಮುಂದೆ ನಡೆದಳು. ನಾನೂ ಹಿಂದೆಯೇ ನಡೆದೆ. ಅಲ್ಲಿಯವರು ವೇಷ ಕಟ್ಟುವುದಕ್ಕೆ 'ಮಾಸ್ ಆಡುವುದು' ಎನ್ನುತ್ತಾರೆ. ಯಕ್ಷಗಾನಕ್ಕೆ 'ಆಟ' ಅನ್ನುವ ಕರಾವಳಿಯ ನಮ್ಮ ಕೇಳುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಈ ಆಟ ಅವರಿಗೆ ಪುಕ್ಕಟೆ ಸಿಕ್ಕಿದ್ದಲ್ಲ. ಕಬ್ಬಿನ ತೋಟಗಳ ಫ್ರೆಂಚ್ ಮಾಲೀಕರು ಮುಖವಾಡ ಹಾಕಿ ನರ್ತಿಸುತ್ತಿದ್ದರು, ಅಲ್ಲಿ ಗುಲಾಮರಿಗೆ ಪ್ರವೇಶವಿರಲಿಲ್ಲ. 1838ರಲ್ಲಿ ಪೂರ್ಣ ಬಿಡುಗಡೆಯಾದ ಮೇಲೆ ಅವರು ಪಂಜು, ಡೋಲು ಹಿಡಿದು ಬೀದಿಗೇ ಇಳಿದರು. 1881ರಲ್ಲಿ ಪೊಲೀಸರು ತಡೆಯಲು ಬಂದಾಗ ಬಡಿದಾಟವೇ ಆಯಿತು. ಮುಂದೆ ಡೋಲಿಗೇ ಕಾನೂನಿನ ಕಡಿವಾಣ ಬಿತ್ತು. ಸರಿ, ಬಿದಿರಿನ ಬೊಂಬುಗಳನ್ನು ನೆಲಕ್ಕೆ ಕುಟ್ಟಿ ತಾಳ ಹಾಕಿದರು. 1930ರ ದಶಕದಲ್ಲಿ ಬಿಸ್ಕತ್ ಡಬ್ಬ, ಕಸದ ಡಬ್ಬದ ಮುಚ್ಚಳ ಕೈಗೆ ಬಂದವು, ಆಮೇಲೆ ಎಣ್ಣೆ ಪೀಪಾಯಿ. ಪೀಪಾಯಿಯ ತಳವನ್ನು ಬಡಿದು ತಗ್ಗಿಸಿ ಒಂದೊಂದು ಜಾಗದಲ್ಲಿ ಒಂದೊಂದು ಸ್ವರ ಕೂರಿಸಿದರು. ಅದೇ ಸ್ಟೀಲ್ ಪ್ಯಾನ್. ಚಕ್ರದ ಗಾಡಿಗಳ ಮೇಲೆ ಅವು ನಮ್ಮ ಜೊತೆಗೇ ಉರುಳುತ್ತ ಬಂದವು. ತಗಡಿನಿಂದ ಅಂಥ ಮೆತ್ತನೆಯ ನಾದ ಹೊರಡುತ್ತದೆಂದು ದಿನವೂ ಮೈಕಿನ ಮುಂದೆ ಕೂರುವ ನಾನೂ ನಂಬಿರಲಿಲ್ಲ.

ಆ ಗುಂಪಿನಲ್ಲಿ ಕೊಂಬಿನ ದೆವ್ವಗಳೂ ಇದ್ದವು. 'ಜಬ್ ಮೊಲಾಸಿ', ಅಂದರೆ ಕಾಕಂಬಿ ದೆವ್ವ. ಸಕ್ಕರೆ ತೋಟದಲ್ಲಿ ಬೆವರು ಸುರಿಸಿದವರ ಮಕ್ಕಳು ಆ ತೋಟದ ಕಾಕಂಬಿಯನ್ನೇ ಮೈಗೆ ಬಳಿದುಕೊಂಡು, ಕಾಸು ಕೊಡದಿದ್ದರೆ ನಿನಗೂ ಹಚ್ಚುತ್ತೇನೆ ಎಂದು ಹೆದರಿಸುವ ವೇಷ ಅದು. ನಾನು ಕೊಟ್ಟೆ. ಆದರೂ ಹಚ್ಚಿದರು!

ಬೆಳಕು ಹರಿದಾಗ ಹೊಟ್ಟೆ ಚುರುಗುಟ್ಟಿತು. ರಸ್ತೆ ಬದಿಯಲ್ಲಿ 'ಡಬಲ್ಸ್' ಮಾರುತ್ತಿದ್ದರು. 'ಬಾರಾ' ಎಂಬ ಎರಡು ಮೆತ್ತನೆಯ ಕರಿದ ರೊಟ್ಟಿ, ಮೇಲೆ 'ಚನ್ನಾ', ಅಂದರೆ ಕಡಲೆಕಾಳಿನ ಪಲ್ಯ. 1845ರಿಂದ ಕೂಲಿ ಕರಾರಿನ ಮೇಲೆ ಹಡಗಿನಲ್ಲಿ ಹೋದ ನಮ್ಮ ದೇಶದವರ ಮೊಮ್ಮಕ್ಕಳು ಮರಿಮಕ್ಕಳ ಕೈರುಚಿ. ಖಾರ ಎಷ್ಟು ಎಂದು ಕೇಳಿದಾಗ ನಮ್ಮ ಬ್ಯಾಡಗಿ ನೆನೆದು "ಜಾಸ್ತಿ" ಎಂದುಬಿಟ್ಟೆ. ನೀವು ಆ ತಪ್ಪು ಮಾಡಬೇಡಿ.

ಮಂಗಳವಾರ ಗರಿ, ಮಿನುಗುಗಳ ಮೆರವಣಿಗೆ. ಚೆಂದವೇ, ಆದರೆ ಒಂದು ವೇಷಕ್ಕೆ ನೂರಾರು ಡಾಲರ್, ಸುತ್ತ ಕಾವಲಿನ ಹಗ್ಗ ಬೇರೆ. ನಿಮಗೆ ಒಂದೇ ದಿನ ಇದ್ದರೆ ಸೋಮವಾರದ ಕತ್ತಲಿಗೇ ಹೋಗಿ. ಹಣ, ಮೊಬೈಲು ಒಳಜೇಬಿನಲ್ಲಿರಲಿ, ಜೊತೆಗೊಬ್ಬ ಸ್ಥಳೀಯರಿರಲಿ.

ನಾನು ಮುಂಬೈಗೆ ಬಂದ ಮೇಲೆ ಕೊರೋನಾ ಬಂತು. 2021ರಲ್ಲಿ ಕಾರ್ನಿವಲ್ಲೇ ಇಲ್ಲ, 2022ರಲ್ಲೂ ಬೀದಿ ಮೆರವಣಿಗೆ ಇಲ್ಲ. "ನಾಲ್ಕಕ್ಕೇ ಎಚ್ಚರವಾಯ್ತು ಕಣೇ, ಹೊರಗೆ ನಾಯಿ ಬೊಗಳೋದು ಬಿಟ್ರೆ ಸದ್ದಿಲ್ಲ" ಎಂದಿದ್ದಳು ಅಕ್ಕ.

2023ರ ಫೆಬ್ರವರಿ 20. ಇಲ್ಲಿ ಮಧ್ಯಾಹ್ನ ಒಂದೂವರೆ, ಸ್ಟುಡಿಯೋಗೆಂದು ಲೋಕಲ್‌ನಲ್ಲಿದ್ದೆ. ಅಕ್ಕನ ಫೋನ್ ಬಂತು. ಅವಳು ಮಾತಾಡಲಿಲ್ಲ, ಫೋನನ್ನು ಬೀದಿಯ ಕಡೆ ಹಿಡಿದಿದ್ದಳು. ದಾದರ್ ಬರುವವರೆಗೂ ಕೇಳಿಸಿಕೊಂಡೆ.